ಸ್ಕ್ರೂ ತಿರುಗಿಸುವ ಮುನ್ನ: ಚೈನ್ ಸಾ ಕಾರ್ಬ್ಯುರೇಟರ್‌ನ ರಿಪೇರಿ



ಮಳೆಗಾಲದ ಮೊದಲ ಗಾಳಿಗೆ ತೋಟದ ದಾರಿಗೆ ಅಡ್ಡಲಾಗಿ ಮರ ಬಿದ್ದಾಗಲೇ ಎಷ್ಟೋ ಮನೆಗಳಲ್ಲಿ ಚೈನ್ ಸಾ ನೆನಪಾಗುವುದು. ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತಿದ್ದ ಯಂತ್ರ, ಹಗ್ಗ ಎಳೆದೂ ಎಳೆದೂ ಕೈಸೋತರೂ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ಆಕ್ಸಿಲರೇಟರ್ ಒತ್ತಿದ ಕೂಡಲೇ ನಿಂತುಬಿಡುತ್ತದೆ. ಆಗ ಬಹಳ ಜನ ಮೊದಲು ಹುಡುಕುವುದು ಸ್ಕ್ರೂಡ್ರೈವರನ್ನು. ಕಾರ್ಬ್ಯುರೇಟರ್‌ನ ಸ್ಕ್ರೂಗಳನ್ನು ಅತ್ತಿತ್ತ ತಿರುಗಿಸಿ ನೋಡುತ್ತಾರೆ. ಆದರೆ ಸ್ಕ್ರೂ ಮುಟ್ಟುವುದು ಕೊನೆಯ ಕೆಲಸ. ಪೆಟ್ರೋಲ್ ಎಲ್ಲಿ ತಡೆದು ನಿಂತಿದೆ ಎಂದು ಪತ್ತೆಹಚ್ಚುವುದೇ ಮೊದಲ ಕೆಲಸ.

ಹಳೆಯ ಬೈಕುಗಳ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಒಂದು ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್ ಇರುತ್ತದೆ. ಅದು ನೆಟ್ಟಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಚೈನ್ ಸಾವನ್ನು ನಾವು ಅಡ್ಡ ಹಿಡಿಯುತ್ತೇವೆ, ಓರೆ ಹಿಡಿಯುತ್ತೇವೆ. ಹಾಗಾಗಿ ಅದರಲ್ಲಿ ಫ್ಲೋಟ್ ಇಲ್ಲ. ಅದರ ಬದಲು ಎರಡು ತೆಳ್ಳನೆಯ ಪೊರೆಗಳಿವೆ. ಮೆಕ್ಯಾನಿಕ್‌ಗಳು ಇವನ್ನು ಡಯಾಫ್ರಮ್ ಎನ್ನುತ್ತಾರೆ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಎಂಜಿನ್ನಿನೊಳಗೆ ಏರಿಳಿಯುವ ಒತ್ತಡ ಒಂದು ಸಣ್ಣ ರಂಧ್ರದ ಮೂಲಕ ಬಂದು ಮೊದಲ ಪೊರೆಯನ್ನು ಮಿಡಿಸುತ್ತದೆ. ಆ ಮಿಡಿತವೇ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ತರುವ ಪಂಪು. ಎರಡನೆಯ ಪೊರೆಯ ಕೆಲಸ ಅಳತೆ. ಎಂಜಿನ್ ಪೆಟ್ರೋಲ್ ಹೀರಿದಾಗ ಅದು ಒಳಬಾಗಿ ಪುಟ್ಟದೊಂದು ಲಿವರನ್ನು ಒತ್ತುತ್ತದೆ, ನೀಡಲ್ ಏಳುತ್ತದೆ, ಪೆಟ್ರೋಲ್ ಒಳಬರುತ್ತದೆ. ಸಾಕಾದಾಗ ನೀಡಲ್ ಮುಚ್ಚಿಕೊಳ್ಳುತ್ತದೆ.

ಈ ಪೊರೆಗಳು ಮೆತ್ತಗಿರುವವರೆಗೆ ಎಲ್ಲವೂ ಸರಿ. ಆದರೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ರಬ್ಬರಿಗೂ ಒಗ್ಗುವುದಿಲ್ಲ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆರಿ ಅಂಟಾಗಿ ಪೆಟ್ರೋಲ್ ಹಾಯುವ ಜೆಟ್ಟಿನ ರಂಧ್ರಗಳನ್ನು ಕಟ್ಟುತ್ತದೆ. ಚೆನ್ನಾಗಿರುವ ಪೊರೆ ನೆನೆದ ಅಡಿಕೆ ಹಾಳೆಯಂತೆ ಬಾಗುತ್ತದೆ. ಕೆಟ್ಟದ್ದು ಒಣ ಹಾಳೆಯಂತೆ ಬೆರಳಿಗೆ ಚರಪರ ಅನ್ನುತ್ತದೆ.

ಹಾಗಂತ ಮೊದಲೇ ಕಾರ್ಬ್ಯುರೇಟರ್ ಬಿಚ್ಚಬೇಡಿ. ಹಳೆಯ ಪೆಟ್ರೋಲ್ ತೆಗೆದು ಹೊಸ ಮಿಕ್ಸಿಂಗ್, ಅಂದರೆ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ. ಏರ್ ಫಿಲ್ಟರ್ ತೊಳೆಯಿರಿ. ಟ್ಯಾಂಕಿನೊಳಗಿನ ಫಿಲ್ಟರ್, ಪೆಟ್ರೋಲ್ ಪೈಪಿನ ಬಿರುಕು ನೋಡಿ. ಯಂತ್ರ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತಿದ್ದರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಆಗ ಒಂದು ಉಸಿರು ಬಿಟ್ಟಂತೆ ಸದ್ದು ಬಂದು ಯಂತ್ರ ಮತ್ತೆ ಓಡಿದರೆ ಗಾಳಿಕಂಡಿ ಕಟ್ಟಿದೆ ಎಂದರ್ಥ. ಹತ್ತಿಪ್ಪತ್ತು ಸಲ ಹಗ್ಗ ಎಳೆದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೊಯ್ದು ತೊಟ್ಟಿಕ್ಕುತ್ತಿದ್ದರೆ ಕಿಡಿ ಇಲ್ಲ, ಇಲ್ಲವೇ ನೀಡಲ್ ಮುಚ್ಚುತ್ತಿಲ್ಲ. ಚೋಕ್ ಎಳೆದಿಟ್ಟರೆ ಮಾತ್ರ ಓಡುವ ಯಂತ್ರಕ್ಕೆ ಪೆಟ್ರೋಲ್ ಸಾಲುತ್ತಿಲ್ಲ.

ಇಷ್ಟಾದ ಮೇಲೂ ದೋಷ ಉಳಿದರೆ ಕಾರ್ಬ್ಯುರೇಟರ್ ಬಿಚ್ಚೋಣ. ಎಂಜಿನ್ ತಣ್ಣಗಿರಲಿ, ಪ್ಲಗ್ಗಿನ ಕ್ಯಾಪ್ ತೆಗೆದಿರಲಿ, ಹತ್ತಿರದಲ್ಲಿ ಬೀಡಿ, ಬೆಂಕಿ ಬೇಡ. ಬಿಳಿ ಬಟ್ಟೆಯೊಂದನ್ನು ಹಾಸಿಕೊಂಡರೆ ಸಣ್ಣ ಸ್ಪ್ರಿಂಗ್ ಕಳೆದುಹೋಗುವುದಿಲ್ಲ. ಪ್ರತಿ ಪದರ ಬಿಚ್ಚುವಾಗಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಸಾಮಾನ್ಯವಾಗಿ ಪಂಪಿನ ಕಡೆ ಪೊರೆ ಮೊದಲು, ಅದರ ಮೇಲೆ ಗ್ಯಾಸ್ಕೆಟ್. ಅಳತೆಯ ಕಡೆ ಗ್ಯಾಸ್ಕೆಟ್ ಮೊದಲು, ಅದರ ಮೇಲೆ ಪೊರೆ. ಈ ಕ್ರಮ ತಪ್ಪಿದರೆ ಪೊರೆ, ಗ್ಯಾಸ್ಕೆಟ್‌ಗಳ ಹೊಸ ಕಿಟ್ ಹಾಕಿಯೂ ಫಲವಿಲ್ಲ. ಪಂಪಿನ ಪೊರೆಯ ಕೆಳಗೆ ಅವಿತಿರುವ ಪುಟ್ಟ ಜಾಲರಿಯನ್ನು ಮರೆಯಬೇಡಿ; ಎಷ್ಟೋ ಸಲ ಕಸ ಕಟ್ಟುವುದು ಅಲ್ಲೇ. ರಂಧ್ರಗಳಿಗೆ ಕಾರ್ಬ್ಯುರೇಟರ್ ಕ್ಲೀನರ್ ಹೊಡೆಯಿರಿ, ತಂತಿ ತೂರಿಸಬೇಡಿ. ತಂತಿಯಿಂದ ಹಿಗ್ಗಿದ ಜೆಟ್ ಮತ್ತೆ ಮೊದಲಿನಂತಾಗುವುದಿಲ್ಲ. ಪೊರೆಗಳನ್ನು ತೆಗೆಯದೆ ಏರ್ ಹೊಡೆದರೆ ಅವು ಹರಿಯುತ್ತವೆ. ಲಿವರ್‌ನ ಎತ್ತರವನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದಂತೆಯೇ ಇಡಬೇಕು. ಎತ್ತರ ಹೆಚ್ಚಿದರೆ ಪೆಟ್ರೋಲ್ ಉಕ್ಕುತ್ತದೆ, ಕಡಿಮೆಯಾದರೆ ಸಾಲುವುದಿಲ್ಲ.

ಈಗ ಸ್ಕ್ರೂಗಳ ಸರದಿ. ಎಲ್ ಎಂದು ಬರೆದದ್ದು ಕಡಿಮೆ ವೇಗಕ್ಕೆ, ಎಚ್ ಎಂಬುದು ಹೆಚ್ಚಿನ ವೇಗಕ್ಕೆ, ಮೂರನೆಯದು ಐಡ್ಲಿಂಗ್‌ಗೆ. ಐಡ್ಲಿಂಗ್‌ನಲ್ಲಿ ಚೈನ್ ತಿರುಗಲೇಬಾರದು. ಎಚ್ ಸ್ಕ್ರೂವನ್ನು ಬಿಗಿ ಮಾಡುತ್ತ ಹೋದರೆ ಯಂತ್ರ ಕಿರುಚುತ್ತ ಜೋರಾಗಿ ಓಡುತ್ತದೆ, ಶಕ್ತಿ ಹೆಚ್ಚಿತು ಅನ್ನಿಸುತ್ತದೆ. ನಿಜಕ್ಕೂ ಅದು ಅಪಾಯ. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಕಾವು ಹೆಚ್ಚು. ಪಿಸ್ಟನ್ ಗೀರುಬಿದ್ದು ಎಂಜಿನ್ ಸೀಜ್ ಆಗುತ್ತದೆ. ಪೊರೆ, ಗ್ಯಾಸ್ಕೆಟ್ಟಿನಲ್ಲಿ ಮುಗಿಯಬೇಕಿದ್ದ ಖರ್ಚು ಸಿಲಿಂಡರಿನವರೆಗೆ ಹೋಗುತ್ತದೆ. ಎಚ್ ಸ್ಕ್ರೂವನ್ನು ಆರ್‌ಪಿಎಂ ಮೀಟರ್ ಇರುವ ಮೆಕ್ಯಾನಿಕ್ ಕೈಯಲ್ಲೇ ಹೊಂದಿಸಿಕೊಳ್ಳಿ.

ಕೊನೆಯದಾಗಿ ಒಂದು ಮಾತು. ಮಿಕ್ಸಿಂಗ್ ಅನ್ನು ಅಳೆದೇ ಮಾಡಿ; 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ ಆಯಿಲ್. ಒಂದು ತಿಂಗಳಿಗೆ ಬೇಕಾದಷ್ಟನ್ನೇ ಬೆರೆಸಿ. ಕೆಲಸ ಮುಗಿದು ಯಂತ್ರ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಐಡ್ಲಿಂಗ್‌ನಲ್ಲಿ ಓಡಿಸಿ. ಕಾರ್ಬ್ಯುರೇಟರ್ ಬಿಚ್ಚುವ ಕೆಲಸ ಅಪರೂಪವಾಗುವುದು ಇದರಿಂದಲೇ.