ಚೀಟಿ ಎತ್ತಿ ಕೊಟ್ಟ ಮದ್ದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು 1996ರಲ್ಲಿ ಈ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವಳು. ನರ್ಸಿಂಗ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಈಗ ಇಂಗ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ರಿಸರ್ಚ್ ನರ್ಸ್ ಆಗಿದ್ದೇನೆ. ಹಾಗೆಂದರೇನು ಎಂದು ನಿನ್ನೆಯಿಂದ ಹತ್ತಾರು ಜನ ಕೇಳಿದ್ದೀರಿ. ದೊಡ್ಡಪ್ಪನವರೊಬ್ಬರು ನೇರವಾಗಿಯೇ ಕೇಳಿದರು: "ಅಲ್ಲಮ್ಮ, ಜನರ ಮೇಲೆ ಔಷಧಿ ಪ್ರಯೋಗ ಮಾಡೋ ಕೆಲಸವಂತೆ, ಅದು ಪಾಪ ಅಲ್ವೇನಮ್ಮ?" ಕೇಳಬೇಕಾದ ಪ್ರಶ್ನೆಯೇ. ನನಗೆ ತಿಳಿದಷ್ಟು ಉತ್ತರವನ್ನು ಈ ಹದಿನೈದು ನಿಮಿಷದಲ್ಲಿ ಹೇಳುತ್ತೇನೆ.

2020ರ ಮಾರ್ಚ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ಕೊರೊನಾ ಬಂತು. ಯಾವ ಮದ್ದು ಕೆಲಸ ಮಾಡುತ್ತದೆ ಎಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ಎಂಬ ಇಬ್ಬರು ಪ್ರಾಧ್ಯಾಪಕರು ಒಂದು ಪರೀಕ್ಷೆ ಶುರು ಮಾಡಿದರು. ಅದರ ಹೆಸರು ರಿಕವರಿ. ಬ್ರಿಟನ್ನಿನ ಸುಮಾರು 175 ಸರ್ಕಾರಿ ಆಸ್ಪತ್ರೆಗಳು ಅದರಲ್ಲಿ ಸೇರಿದವು. ನಮ್ಮದೂ ಒಂದು.

ಕೆಲಸ ಹೀಗೆ. ರೋಗಿ ವಾರ್ಡಿಗೆ ಬಂದಾಗ ಪರೀಕ್ಷೆಯ ವಿಷಯ ವಿವರಿಸಿ ಒಪ್ಪಿಗೆ ಕೇಳುತ್ತಿದ್ದೆವು. ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ ಮನೆಯವರನ್ನು ಕೇಳುತ್ತಿದ್ದೆವು. ಒಪ್ಪಿದ ಮೇಲೆ ವಿವರಗಳನ್ನು ಕಂಪ್ಯೂಟರಿಗೆ ಹಾಕಿದರೆ, ಆ ರೋಗಿಗೆ ಎಂದಿನ ಆರೈಕೆ ಮಾತ್ರವೋ, ಅದರ ಜೊತೆಗೆ ಪರೀಕ್ಷೆಯ ಮದ್ದುಗಳಲ್ಲಿ ಒಂದೋ ಎಂದು ಅದು ಹೇಳುತ್ತಿತ್ತು. ಡಾಕ್ಟರ ಇಷ್ಟಕ್ಕೂ ಅಲ್ಲಿ ಜಾಗವಿಲ್ಲ, ನನ್ನ ಇಷ್ಟಕ್ಕೂ ಇಲ್ಲ. ನಾವು ಚೀಟಿ ಎತ್ತುತ್ತೇವಲ್ಲ, ಹಾಗೆ.

ಇದನ್ನು ಮನೆಯವರಿಗೆ ಹೇಳುವುದು ಸುಲಭವಾಗಿರಲಿಲ್ಲ. ಆಗ ಆಸ್ಪತ್ರೆಯೊಳಗೆ ಸಂಬಂಧಿಕರನ್ನು ಬಿಡುತ್ತಿರಲಿಲ್ಲ, ಎಲ್ಲವೂ ಫೋನಿನಲ್ಲೇ. ಒಬ್ಬ ಮಗಳು ಅಳುತ್ತಾ ಕೇಳಿದಳು: "ಸಿಸ್ಟರ್, ಟಿ.ವಿ.ಯಲ್ಲಿ ದಿನಾ ಹೇಳುತ್ತಿದ್ದಾರಲ್ಲ, ಆ ಮಲೇರಿಯಾ ಮಾತ್ರೆ ನಮ್ಮಪ್ಪನಿಗೆ ಕೊಟ್ಟುಬಿಡಿ. ಅಪ್ಪನ ಜೀವವನ್ನು ಲಾಟರಿಗೆ ಬಿಡಬೇಡಿ." ಆಕೆಯ ಸಂಕಟ ನನಗೆ ಅರ್ಥವಾಗುತ್ತಿತ್ತು. ಆ ಜಾಗದಲ್ಲಿ ನಾನಿದ್ದರೂ ಹಾಗೆಯೇ ಕೇಳುತ್ತಿದ್ದೆ. ನಾನು ಹೇಳಿದ್ದು ಇಷ್ಟೇ: "ಆ ಮಾತ್ರೆ ಒಳ್ಳೆಯದು ಮಾಡುತ್ತದೋ ಕೆಟ್ಟದ್ದು ಮಾಡುತ್ತದೋ ನಮಗೆ ನಿಜವಾಗಿಯೂ ಗೊತ್ತಿಲ್ಲಮ್ಮ. ಗೊತ್ತಿದ್ದರೆ ಪರೀಕ್ಷೆಯೇ ಬೇಕಿರಲಿಲ್ಲ."

ಈ ಚೀಟಿ ಎತ್ತುವ ಉಪಾಯ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಹೊಲದಲ್ಲಿ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಆರ್.ಎ. ಫಿಶರ್ ಎಂಬ ಗಣಿತಜ್ಞರಿದ್ದರು. ಹೊಸ ಗೊಬ್ಬರವನ್ನು ನೀರು ನಿಲ್ಲುವ ಮಡಿಗೆ ಹಾಕಿ, ಹಳೆಯದನ್ನು ಕಲ್ಲುಭೂಮಿಗೆ ಹಾಕಿದರೆ ಗೆದ್ದದ್ದು ಗೊಬ್ಬರವೋ ನೆಲವೋ ತಿಳಿಯುವುದು ಹೇಗೆ? ಅದಕ್ಕೇ ಯಾವ ಮಡಿಗೆ ಯಾವುದು ಎಂಬುದನ್ನು ಚೀಟಿಗೆ ಬಿಡಿ ಎಂದರು ಅವರು. ಇಂಡಾಫ್ ರಾಗಿ ಬಂದ ಕಾಲದಲ್ಲಿ ಒಂದು ಕಡೆ ಹೊಸ ತಳಿ, ಪಕ್ಕದಲ್ಲೇ ಹಳೆಯ ತಳಿ ಬಿತ್ತಿ ನೋಡಿದವರು ಇಲ್ಲಿಯೂ ಇರಬಹುದು. ಅವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ ಇದೇ ಕ್ರಮ ಮನುಷ್ಯರ ವೈದ್ಯಕ್ಕೂ ಬಂದಿತ್ತು.

ಈಗ ರಿಕವರಿಯ ಫಲಿತಾಂಶಕ್ಕೆ ಬರೋಣ. ಎಲ್ಲರೂ ಬೇಡುತ್ತಿದ್ದ ಆ ಮಲೇರಿಯಾ ಮಾತ್ರೆ, ಹೈಡ್ರಾಕ್ಸಿಕ್ಲೋರೊಕ್ವಿನ್, ಆಸ್ಪತ್ರೆಗೆ ಸೇರಿದವರ ಜೀವ ಉಳಿಸುವುದಿಲ್ಲ ಎಂದು 2020ರ ಜೂನ್ ಮೊದಲ ವಾರದಲ್ಲೇ ತಿಳಿಯಿತು. ಜೂನ್ 16ರಂದು ಇನ್ನೊಂದು ಸುದ್ದಿ ಬಂತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಹಳೆಯ ಸ್ಟೀರಾಯ್ಡ್, ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ವೆಂಟಿಲೇಟರ್ ಮೇಲಿದ್ದವರಲ್ಲಿ ಅದು ಸಿಗದ ನೂರು ಜನರಲ್ಲಿ ಸುಮಾರು 41 ಮಂದಿ ತೀರಿಕೊಂಡಿದ್ದರೆ, ಸಿಕ್ಕ ನೂರರಲ್ಲಿ ಸುಮಾರು 29 ಮಂದಿ. ಆಮ್ಲಜನಕದ ಮೇಲಿದ್ದವರಿಗೂ ಪ್ರಯೋಜನವಾಯಿತು. ಆದರೆ ಆಮ್ಲಜನಕವೇ ಬೇಡದಿದ್ದವರಿಗೆ ಯಾವ ಪ್ರಯೋಜನವೂ ಕಾಣಲಿಲ್ಲ.

ಆ ಕೊನೆಯ ಮಾತನ್ನು ಗಮನಿಸಿ. 2021ರ ಎರಡನೇ ಅಲೆಯಲ್ಲಿ ನಮ್ಮ ದೇಶದಲ್ಲಿ ಸಣ್ಣ ಜ್ವರಕ್ಕೂ ಅಂಗಡಿಯಿಂದ ಸ್ಟೀರಾಯ್ಡ್ ತಂದು ನುಂಗಿದವರಿದ್ದರು. ಸಕ್ಕರೆ ಕಾಯಿಲೆಯವರು ಅಳತೆ ಮೀರಿ ಸ್ಟೀರಾಯ್ಡ್ ತೆಗೆದುಕೊಂಡದ್ದು ಕಪ್ಪು ಶಿಲೀಂಧ್ರ ರೋಗ ಹರಡಲು ಒಂದು ಕಾರಣವಾಯಿತು. ಪ್ಲಾಸ್ಮಾ ಕಥೆಯೂ ಹೀಗೆಯೇ. ಪ್ಲಾಸ್ಮಾಗಾಗಿ ರಾತ್ರಿಯೆಲ್ಲ ವಾಟ್ಸಾಪಿನಲ್ಲಿ ಹುಡುಕಾಡಿದ್ದು ನಿಮಗೆ ನೆನಪಿರಬೇಕು. ನಮ್ಮದೇ ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷೆ ನಡೆಸಿ, ಅದರಿಂದ ಸಾವು ತಗ್ಗುವುದಿಲ್ಲ ಎಂದು 2020ರಲ್ಲೇ ತೋರಿಸಿತ್ತು. ಸಾವಿರಾರು ರೋಗಿಗಳಿದ್ದ ರಿಕವರಿ ಪರೀಕ್ಷೆಯೂ ಆಮೇಲೆ ಅದನ್ನೇ ಹೇಳಿತು.

ಸಾವಿರಾರು ಜನ ಏಕೆ ಬೇಕು ಎಂದು ಮಕ್ಕಳು ಕೇಳಬಹುದು. ಅದಕ್ಕೊಂದು ತಮಾಷೆಯ ಉದಾಹರಣೆ ಇದೆ. ಹೃದಯಾಘಾತವಾದವರಿಗೆ ಆಸ್ಪಿರಿನ್ ಕೊಟ್ಟರೆ ಜೀವ ಉಳಿಯುತ್ತದೆಯೇ ಎಂದು ಇದೇ ಆಕ್ಸ್‌ಫರ್ಡಿನವರು 17,187 ರೋಗಿಗಳಲ್ಲಿ ಪರೀಕ್ಷಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಸ್ಪಿರಿನ್ ಸ್ಪಷ್ಟವಾಗಿ ಗೆದ್ದಿತ್ತು. ಆದರೆ ರೋಗಿಗಳನ್ನು ವಯಸ್ಸು, ಲಿಂಗ ಎಂದು ತುಂಡುತುಂಡು ಮಾಡಿ ನೋಡಿದರೆ ಮೋಸಹೋಗುತ್ತೀರಿ ಎಂದು ತೋರಿಸಲು ಅವರು ರಾಶಿಗಳ ಪ್ರಕಾರವೂ ಲೆಕ್ಕ ಹಾಕಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಫಲ ಕೊಡುವುದಿಲ್ಲ ಎಂದು ಬಂತು! ಅದು ಗ್ರಹಗತಿಯಲ್ಲ, ಸಣ್ಣ ಗುಂಪಿನ ಆಕಸ್ಮಿಕ. "ನಮ್ಮ ಪಕ್ಕದ ಮನೆಯವರಿಗೆ ವಾಸಿಯಾಯಿತು" ಎಂಬ ಮಾತನ್ನೇ ನಂಬಿ ಮದ್ದು ತಿನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಪಾಪದ ಪ್ರಶ್ನೆ? ಕೇಳದೆ, ತಿಳಿಸದೆ ಮಾಡಿದರೆ ಖಂಡಿತ ಪಾಪ. ನಮ್ಮ ದೇಶದಲ್ಲೇ ಅಂಥದ್ದು ನಡೆದಿದೆ. 2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಒಂದು ಅಧ್ಯಯನಕ್ಕಾಗಿ ಶಾಲಾ ಬಾಲಕಿಯರಿಗೆ ಹಾಕಿದರು. ಅನೇಕ ಒಪ್ಪಿಗೆ ಪತ್ರಗಳಿಗೆ ಸಹಿ ಮಾಡಿದ್ದು ತಂದೆತಾಯಿಯಲ್ಲ, ಹಾಸ್ಟೆಲ್ ವಾರ್ಡನ್ನರು, ಮುಖ್ಯೋಪಾಧ್ಯಾಯರು. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಸಂಸತ್ತಿನ ಸಮಿತಿಯೂ ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ, ಇವತ್ತು ಎಷ್ಟೋ ದೇಶಗಳಲ್ಲಿ ಕೊಡುತ್ತಿದ್ದಾರೆ. ತಪ್ಪಿದ್ದು ಕೇಳುವ ರೀತಿಯಲ್ಲಿ. ಇಲ್ಲಿರುವ ಮೇಷ್ಟ್ರುಗಳು ಈ ಸಂಗತಿಯನ್ನು ಮರೆಯಬಾರದು ಎಂದು ವಿನಯದಿಂದ ಹೇಳುತ್ತೇನೆ.

ಈಗ 2019ರ ನಿಯಮಗಳಿವೆ. ಬೆಂಗಳೂರಿಗೋ ಮೈಸೂರಿಗೋ ಚಿಕಿತ್ಸೆಗೆ ಹೋದಾಗ "ಇಲ್ಲೊಂದು ಸಹಿ ಹಾಕಿ" ಎಂದು ಯಾರಾದರೂ ಕಾಗದ ಮುಂದಿಟ್ಟರೆ ಹೆದರಬೇಡಿ, ಹಾಗೆಂದು ಸುಮ್ಮನೆ ಸಹಿಯನ್ನೂ ಹಾಕಬೇಡಿ. ಈ ಪ್ರಶ್ನೆಗಳನ್ನು ಕೇಳಿ. ಇದು ಮಾಮೂಲಿ ಚಿಕಿತ್ಸೆಯೋ, ಪರೀಕ್ಷೆಯೋ? ಕಾಗದ ಕನ್ನಡದಲ್ಲಿ ಇದೆಯೇ? ಓದಲು ಬಾರದವರಾದರೆ, ಪರೀಕ್ಷೆ ನಡೆಸುವವರಿಗೆ ಸಂಬಂಧಿಸದ ಸಾಕ್ಷಿಯೊಬ್ಬರ ಎದುರು ಓದಿ ಹೇಳುತ್ತೀರಾ? ನಾನು ಸೇರದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ? ಮಧ್ಯದಲ್ಲಿ ಬಿಡಬಹುದೇ? ತೊಂದರೆಯಾದರೆ ಚಿಕಿತ್ಸೆಯ ಖರ್ಚು, ಪರಿಹಾರ ಯಾರು ಕೊಡುತ್ತಾರೆ? ಎಥಿಕ್ಸ್ ಕಮಿಟಿ ಒಪ್ಪಿದೆಯೇ? ಒಪ್ಪಿಗೆ ಪತ್ರದ ಒಂದು ಪ್ರತಿ ನನಗೆ ಕೊಡಿ. ಇವೆಲ್ಲ ನಿಮ್ಮ ಹಕ್ಕು. ಬೇಡ ಎನ್ನುವುದೂ ಹಕ್ಕು. ಬೇಡ ಎಂದ ಮಾತ್ರಕ್ಕೆ ನಿಮ್ಮ ಚಿಕಿತ್ಸೆ ನಿಲ್ಲಬಾರದು.

ಇಷ್ಟೆಲ್ಲ ಕೇಳಿ, ತಿಳಿದು ಹೂಂ ಎಂದವರು ಪ್ರಯೋಗಪಶುಗಳಲ್ಲ. ಫೋನಿನಲ್ಲಿ ಅತ್ತಳಲ್ಲ, ಆಕೆ ಕೊನೆಗೆ ಒಪ್ಪಿದಳು. ಆಕೆಯ ತಂದೆಗೆ ಚೀಟಿಯಲ್ಲಿ ಬಂದದ್ದು ಎಂದಿನ ಆರೈಕೆ ಮಾತ್ರ. ಅವರು ಉಳಿಯಲಿಲ್ಲ. ಆದರೆ ಅವರಂಥ ನಾಲ್ಕು ಸಾವಿರ ಜನ ಆ ಕಡೆ ಇದ್ದುದರಿಂದಲೇ ಡೆಕ್ಸಾಮೆಥಾಸೋನ್ ಕೆಲಸ ಮಾಡುತ್ತದೆ ಎಂದು ಹೋಲಿಸಿ ಹೇಳಲು ಆಯಿತು. ನಮ್ಮ ತಾಲ್ಲೂಕು ಆಸ್ಪತ್ರೆಯಿಂದ ಆಮ್ಲಜನಕ ಬಿಟ್ಟು ನಡೆದುಕೊಂಡು ಮನೆಗೆ ಬಂದವರು ಈ ಸಭೆಯಲ್ಲಿದ್ದರೆ, ಅವರಿಗೆ ಕೊಟ್ಟ ಇಂಜೆಕ್ಷನ್ನಿನ ಹಿಂದೆ ಹೆಸರು ಗೊತ್ತಿಲ್ಲದ ಆ ಜನರ ಋಣವೂ ಇದೆ.

ಮಕ್ಕಳೇ, ಈ ಕೆಲಸಕ್ಕೆ ಡಾಕ್ಟರೇ ಆಗಬೇಕೆಂದಿಲ್ಲ. ನರ್ಸ್, ಫಾರ್ಮಸಿಸ್ಟ್, ಲೆಕ್ಕದಲ್ಲಿ ಚುರುಕಾದವರು, ಕಷ್ಟದ ವಿಷಯವನ್ನು ಸುಲಭವಾದ ಕನ್ನಡದಲ್ಲಿ ಬರೆಯಬಲ್ಲವರು, ಎಲ್ಲರೂ ಬೇಕು. ನನಗೆ ಸರಾಸರಿ, ಶೇಕಡಾವಾರು ಕಲಿಸಿದ್ದು ಇದೇ ಶಾಲೆ. ಅದೇ ಲೆಕ್ಕ ಇವತ್ತಿಗೂ ನನಗೆ ಅನ್ನ ಹಾಕುತ್ತಿದೆ.