ಬಲೆಯ ಮೇಲೆ ಸಹಿ ಹಾಕುವ ಜೇಡ

ನಾನು ಓದಿದ್ದು ಎಂಟೆಕ್, ಮಾಡುವುದು ಸಾಫ್ಟ್‌ವೇರ್ ಕೆಲಸ. ಜೇಡದ ಬಗ್ಗೆ ಮಾತಾಡಲು ನನಗಿರುವ ಅರ್ಹತೆ ಒಂದೇ: ಇಂದಾಪುರದ ನಮ್ಮ ಹಿತ್ತಲಲ್ಲಿ ಮಳೆಗಾಲ ಮುಗಿಯುವಾಗ ಅವು ಬೇಕಾದಷ್ಟು ಇರುತ್ತವೆ, ನಾನು ನೋಡುತ್ತಾ ನಿಲ್ಲುತ್ತೇನೆ.

ಸೊಸೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯ ಕಾಕೂ ದಾಳಿಂಬೆ ಗಿಡ ತೋರಿಸಿ "ಕೋಳಿ ಆಹೇ" ಎಂದರು. ನಾನು ಗಿಡದ ಬುಡದಲ್ಲೆಲ್ಲ ಕೋಳಿ ಹುಡುಕಿದೆ! ಮರಾಠಿಯಲ್ಲಿ ಕೋಳಿ ಎಂದರೆ ಜೇಡ, ಮೀನುಗಾರ ಕೂಡ. ಉಜನಿ ಹಿನ್ನೀರಿನಲ್ಲಿ ಬಲೆ ಬೀಸುವವರಿಗೂ ಗಿಡದಲ್ಲಿ ಬಲೆ ಕಟ್ಟುವುದಕ್ಕೂ ಒಂದೇ ಹೆಸರು. ನಮ್ಮಲ್ಲಿ ಜೇಡ ಎಂದರೆ ನೇಕಾರ. ಜೇಡರ ದಾಸಿಮಯ್ಯನನ್ನು ನೆನಪಿಸಿಕೊಳ್ಳಿ. ಅವರಿಗೆ ಬಲೆ ಕಂಡಿತು, ನಮಗೆ ಮಗ್ಗ ಕಂಡಿತು.

ಕಾಕೂ ತೋರಿಸಿದ್ದು ಸಿಗ್ನೇಚರ್ ಸ್ಪೈಡರ್, ಅಂದರೆ ಸಹಿ ಜೇಡ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಒಂದು ಜಾತಿಯ ಹೆಸರು ಆರ್ಜಿಯೋಪ್ ಅನಸುಜಾ. 1887ರಲ್ಲಿ ಥೊರೆಲ್ ಎಂಬ ಸ್ವೀಡನ್ನಿನ ವಿಜ್ಞಾನಿ ಇಟ್ಟದ್ದು. ಗುರುತಿಸುವುದು ಬಹಳ ಸುಲಭ. ಗುಂಡನೆಯ ಬಲೆಯ ನಡುವೆ ತಲೆ ಕೆಳಗಾಗಿ ಕೂತಿರುತ್ತದೆ. ಹೊಟ್ಟೆಯ ಮೇಲೆ ಹಳದಿ, ಕಂದು ಪಟ್ಟೆ. ಎಂಟು ಕಾಲನ್ನೂ ಎರಡೆರಡಾಗಿ ಜೋಡಿಸಿಕೊಂಡಿರುವುದರಿಂದ ನಾಲ್ಕೇ ಕಾಲು ಇದ್ದಂತೆ ಕಾಣುತ್ತದೆ. ಆ ಕಾಲುಗಳ ನೇರಕ್ಕೇ ಬಲೆಯಲ್ಲಿ ಬಿಳಿ ದಾರದ ಅಂಕುಡೊಂಕು ಹೊಲಿಗೆ, ಇಂಗ್ಲಿಷಿನ ಎಕ್ಸ್ ಅಕ್ಷರದ ಹಾಗೆ. ಕೆಲವೊಮ್ಮೆ ಅರ್ಧ ಎಕ್ಸ್ ಮಾತ್ರ ಇರುತ್ತದೆ. ಅದೇ ಸಹಿ.

ಆ ಸಹಿ ಯಾಕೆ? ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಹುಳುಗಳನ್ನು ಸೆಳೆಯಲು ಎಂದು ಕೆಲವರು, ಹಕ್ಕಿಗಳು ಬಲೆಗೆ ನುಗ್ಗದಿರಲಿ ಎಂದು ಕೆಲವರು. ನಮ್ಮ ಆಫೀಸಿನ ಹಳೆಯ ಕೋಡ್ ಹಾಗೆ: ಇದೆ, ಕೆಲಸ ಮಾಡುತ್ತಿದೆ, ಯಾಕಿದೆ ಎಂದು ಮಾತ್ರ ಕೇಳಬೇಡಿ.

ಬಲೆಯ ನಡುವಿನಿಂದ ಹೊರಗೆ ಹೋಗುವ ಎಳೆಗಳು ಅಂಟುವುದಿಲ್ಲ, ಸುತ್ತಲಿನ ಸುರುಳಿ ಅಂಟುತ್ತದೆ. ಹಳತಾದ ಬಲೆಯನ್ನು ತಾನೇ ತಿಂದು ಹೊಸದು ನೇಯುತ್ತದೆ, ನೂಲು ದಂಡವಾಗುವುದಿಲ್ಲ. ಹತ್ತಿರ ಹೋದರೆ ಬಲೆಯನ್ನು ಜೋರಾಗಿ ಅಲುಗಾಡಿಸುತ್ತದೆ. ಮಕ್ಕಳು ಅದಕ್ಕೇ ಹೆದರುವುದು. ನಿಜಕ್ಕೂ ಹೆದರಿರುವುದು ಅದು. ನೀವು ನೋಡುವ ದೊಡ್ಡದು ಹೆಣ್ಣು, ದೇಹವೇ ಸುಮಾರು ಒಂದು ಸೆಂಟಿಮೀಟರ್. ಗಂಡು ಅದರ ಅರ್ಧವೂ ಇಲ್ಲ, ಎಷ್ಟೋ ಸಲ ಮದುವೆಯ ದಿನವೇ ಹೆಂಡತಿಗೆ ಊಟವಾಗುತ್ತದೆ. (ಯಜಮಾನರುಗಳು ಇದನ್ನು ಓದದಿದ್ದರೆ ಒಳ್ಳೆಯದು.)

ಇದು ತಾನಾಗಿ ಬಂದು ಕಚ್ಚುವುದಿಲ್ಲ. ಹಿಡಿದು ಹಿಸುಕಿದರೆ ಕಚ್ಚೀತು, ಹೆಚ್ಚೆಂದರೆ ಜೇನು ಕುಟುಕಿದಷ್ಟು ನೋವು. ಹಾಗೆಂದು ಗುರುತಿಲ್ಲದ ಜೇಡಗಳನ್ನೆಲ್ಲ ಕೈಯಲ್ಲಿ ಹಿಡಿಯಬೇಡಿ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ಬೆಳಿಗ್ಗೆ ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಮನೆಗಳಲ್ಲಿ "ರಾತ್ರಿ ಜೇಡ ಹರಿದಿದೆ" ಎಂದು ಏನಾದರೂ ಹಚ್ಚಿ ಸುಮ್ಮನಾಗುತ್ತೇವೆ. ಜೇಡ ಮೈಮೇಲೆ ಹರಿದರೆ ಗುಳ್ಳೆ ಏಳುವುದಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಇರುವೆಯಂತೆ ಕಾಣುವ ಕೆಂಪು-ಕಪ್ಪು ಪುಟ್ಟ ಜೀರುಂಡೆಯೊಂದಿದೆ. ಅದು ಚರ್ಮದ ಮೇಲೆ ಜಜ್ಜಿಹೋದರೆ ಸುಟ್ಟಂತೆ ಗೆರೆ ಏಳುತ್ತದೆ. ಅದಲ್ಲದೆ ಮೈಯ ಒಂದೇ ಪಕ್ಕದಲ್ಲಿ ಉರಿ, ನೋವಿನೊಂದಿಗೆ ಗುಂಪು ಗುಂಪಾಗಿ ಗುಳ್ಳೆ ಬಂದರೆ ಅದು ಸರ್ಪಸುತ್ತು ಇರಬಹುದು, ಇಲ್ಲಿನವರು ನಾಗೀಣ್ ಎನ್ನುತ್ತಾರಲ್ಲ, ಅದು. ಚಿಕನ್‌ಪಾಕ್ಸ್ ವೈರಸ್ಸೇ ವರ್ಷಗಳ ಮೇಲೆ ಮತ್ತೆ ಎದ್ದು ಬರುವುದು. ಅದರ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಗುಣ ಹೆಚ್ಚು. ಕಣ್ಣಿನ ಹತ್ತಿರ ಬಂದರೆ ಅಂದೇ ಡಾಕ್ಟರ ಬಳಿ ಹೋಗಬೇಕು. ಜೇಡದ ಮೇಲೆ ಹೇರಿ ಕೂತರೆ ಆ ಮೂರು ದಿನ ಹೋಗಿಬಿಡುತ್ತದೆ. ಮನೆಯಲ್ಲಿ ಅತ್ತೆ, ಅಜ್ಜಿ ಇದ್ದವರು ಇದನ್ನು ದಯವಿಟ್ಟು ನೆನಪಿಡಿ.

ಬಲೆ ಬಾಗಿಲಿಗೇ ಅಡ್ಡ ಇದ್ದರೆ ಪೊರಕೆ ಬೇಡ. ಉದ್ದ ಕಡ್ಡಿಯೊಂದಕ್ಕೆ ಜೇಡವನ್ನು ಹತ್ತಿಸಿಕೊಂಡು ಆಚೆ ಗಿಡಕ್ಕೆ ಬಿಡಿ, ಅಲ್ಲೇ ಹೊಸದು ಕಟ್ಟಿಕೊಳ್ಳುತ್ತದೆ. ಫೋನಿನಲ್ಲಿ ಫೋಟೋಗಳಿವೆ, ನೋಡಬೇಕೆನ್ನುವವರು ಬನ್ನಿ.