ಬೇರಿನ ನೆಂಟರು



ಅವರೆಯ ಗಿಡವೊಂದನ್ನು ಮಣ್ಣುಸಹಿತವಾಗಿ ಮೆಲ್ಲನೆ ಅಗೆದು ನೀರಿನಲ್ಲಿ ತೊಳೆದು ನೋಡಿರಿ. ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣುವುವು. ಇದು ರೋಗವಲ್ಲ. ವಾಯುವಿನ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಇದ್ದರೂ ಪೈರು ಅದನ್ನು ನೇರವಾಗಿ ಉಣ್ಣಲಾರದು. ಗಂಟಿನೊಳಗೆ ನೆಲಸಿದ ರೈಜೋಬಿಯಂ ಎಂಬ ಅಣುಜೀವಿಗಳು ಅದನ್ನು ಪಕ್ವಮಾಡಿ ಉಣಬಡಿಸುವುವು. ಗಿಡವು ಪ್ರತಿಯಾಗಿ ತನ್ನ ಸಕ್ಕರೆಯನ್ನು ಕೊಡುವುದು. ಹಾಲೆಂಡಿನ ಬೈಯರಿಂಕ್ ಪಂಡಿತನು ಈ ಜೀವಿಯನ್ನು 1888ರಲ್ಲಿ ಬೇರ್ಪಡಿಸಿ ಬೆಳೆಸಿದನು. ಬೆಂಗಳೂರು ಸೀಮೆಯ ಬೇಸಾಯಗಾರನು ರಾಗಿಯ ನಡುವೆ ಅವರೆ ತೊಗರಿಗಳ ಅಕ್ಕಡಿ ಸಾಲನ್ನು ಬಿತ್ತುತ್ತ ಬಂದುದು ಅದಕ್ಕೂ ಬಹು ಹಿಂದಿನಿಂದ.

ಬೆಂಗಳೂರಿನವರಿಗೆ ಈ ವಿದ್ಯೆಯು ದೂರದ್ದಲ್ಲ. ವ್ಯವಸಾಯದ ಪ್ರಯೋಗಗಳಿಗಾಗಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ನೆಲವನ್ನು ದಯಪಾಲಿಸಿದರು. ಅಲ್ಲಿ 1946ರಲ್ಲಿ ಕಾಲೇಜೂ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ ಆದುವು. ಅದರ ಮುಖ್ಯ ಆವರಣವು ಯಲಹಂಕದ ದಾರಿಯಲ್ಲಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರ. ಸುತ್ತಣ ಹೊಲಗಳಲ್ಲಿ ಈಗ ಮನೆಗಳೇ ಬೆಳೆದಿರುವುವು. ಆವರಣದೊಳಗಾದರೋ ಬೇರಿನ ಜೀವಿಗಳ ಪರಿಶೋಧನೆಯು ನಡೆದೇ ಇದೆ.

ರಾಗಿಗೆ ಗಂಟು ಕಟ್ಟುವ ಭಾಗ್ಯವಿಲ್ಲ. ಆದರೂ ಅಜೋಸ್ಪಿರಿಲಂ ಎಂಬುದು ಅದರ ಬೇರನ್ನು ಆಶ್ರಯಿಸಿ ಕಿಂಚಿತ್ ಸಾರಜನಕವನ್ನು ಒದಗಿಸುವುದಲ್ಲದೆ, ಬೇರು ಕವಲೊಡೆಯುವಂತೆ ಪ್ರಚೋದಕ ರಸಗಳನ್ನೂ ಸ್ರವಿಸುವುದು. ಮಣ್ಣಿನಲ್ಲಿ ಬಿಗಿದುಕೊಂಡ ರಂಜಕವನ್ನು ಕರಗಿಸಿಕೊಡುವ ಜೀವಿಗಳು ಬೇರೆಯೇ ಉಂಟು.

ಇಂತಹ ಜೀವಿಗಳನ್ನು ಪುಡಿಯಲ್ಲಿ ಸೇರಿಸಿ ಪೊಟ್ಟಣಗಳಲ್ಲಿ ಮಾರುವರು. ಅದಕ್ಕೆ ಜೈವಿಕ ಗೊಬ್ಬರವೆಂದು ಹೆಸರಿಟ್ಟುದೇ ಅನರ್ಥಕ್ಕೆ ಮೂಲವಾಯಿತೆನ್ನಬೇಕು. ಗೊಬ್ಬರದ ಮೂಟೆಯನ್ನು ಮೂಲೆಯಲ್ಲಿ ಮರೆತರೂ ಅದು ಗೊಬ್ಬರವೇ, ಪೊಟ್ಟಣದೊಳಗಿರುವುದು ಪ್ರಾಣ. ಕಾದ ತಗಡಿನ ಕೆಳಗಿಟ್ಟು, ಅವಧಿ ಮೀರಿದ ಬಳಿಕ ರಾಸಾಯನಿಕ ಗೊಬ್ಬರದೊಡನೆ ಕಲಸಿ ಬಿತ್ತಿದವನಿಗೆ ಸತ್ತ ಜೀವಿಗಳ ಪುಡಿಯಲ್ಲದೆ ಮತ್ತೇನು ದೊರೆತೀತು? ಬಡವನಿಗೆ ಹಣವೂ ಹೋಯಿತು, ಹಂಗಾಮೂ ಹೋಯಿತು. ಶಾಸ್ತ್ರಕ್ಕೆ ದೂಷಣೆ ಬಂದಿತು. ಮಾರಿದವನು ಎರಡು ಮಾತು ತಿಳಿಸಿ ಹೇಳಬೇಡವೆ?

ಬೆಲ್ಲದ ನೀರಿನಿಂದ ಬೀಜಕ್ಕೆ ಅಂಟಿಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತತಕ್ಕದ್ದು. ಸೋಯಾ ಅವರೆಗೆ ಒಗ್ಗಿದ ಜೀವಿಯು ಕಡಲೆಗೆ ಒಗ್ಗದು. ಆದುದರಿಂದ ಬೆಳೆಯ ಹೆಸರನ್ನು ಹೇಳಿಯೇ ಕೊಳ್ಳಬೇಕು. ಯೂರಿಯವನ್ನು ಅತಿಯಾಗಿ ಸುರಿದ ಹೊಲದಲ್ಲಿ ಗಂಟುಗಳು ಕಡಮೆಯಾಗುವುವು. ಕೊಟ್ಟಿಗೆಗೊಬ್ಬರವನ್ನಂತೂ ಬಿಡಲಾಗದು, ಅದಿಲ್ಲದ ಬರಿಯ ಕೆಮ್ಮಣ್ಣಿನಲ್ಲಿ ಈ ಅತಿಥಿಗಳು ಬಹುಕಾಲ ಬಾಳಲಾರವು.

ಫಲವನ್ನರಿಯಲು ಕೊಯ್ಲಿನವರೆಗೆ ಕಾಯಬೇಕಾಗಿಲ್ಲ. ಹೂ ಬಿಡುವ ಹೊತ್ತಿಗೆ ಗಿಡವೊಂದನ್ನು ಅಗೆದು ಗಂಟನ್ನು ಉಗುರಿನಿಂದ ಸೀಳಿದರೆ, ಒಳಗೆ ನಸುಗೆಂಪಿದ್ದಲ್ಲಿ ಕೆಲಸ ನಡೆದಿದೆಯೆಂದೂ, ಬಿಳುಪೋ ಹಸುರೋ ಇದ್ದಲ್ಲಿ ನಡೆದಿಲ್ಲವೆಂದೂ ತಿಳಿಯಬಹುದು.